26 ಕೆಜಿ ಅಕ್ಕಿ ಚೀಲ ಹಿಡಿದು ಜಗತ್ತಿನ ಸುದ್ದಿ ಓದುವುದು ಹೇಗೆ

ಮನೆಗೆ ತಂದ ಅಕ್ಕಿ ಚೀಲದ ಮೇಲೆ ತೂಕ ಎಷ್ಟು ಅಂತ ಬರೆದಿದೆ, ಒಮ್ಮೆ ನೋಡಿ. ಬಹುಪಾಲು 26 ಕೆಜಿ ಇರುತ್ತದೆ. ಮೊದಲು 25 ಇರುತ್ತಿತ್ತು. ಒಂದು ಕೆಜಿ ಜಾಸ್ತಿ ಕೊಟ್ಟರು ಅಂತ ಖುಷಿಪಡಬೇಡಿ, ಅದಕ್ಕೂ ದುಡ್ಡು ತೆಗೆದುಕೊಂಡಿರುತ್ತಾರೆ. ನಡೆದದ್ದು ಇಷ್ಟು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿಯೊಳಗಿನ ಚೀಲದಲ್ಲಿದ್ದರೆ ಶೇ 5 ಜಿಎಸ್‌ಟಿ ಅಂತ 2022ರ ಜುಲೈ 18ರಿಂದ ಜಾರಿಗೆ ಬಂತು. 1,500 ರೂಪಾಯಿಯ ಚೀಲಕ್ಕೆ 75 ರೂಪಾಯಿ ತೆರಿಗೆ. 25 ಕೆಜಿ ದಾಟಿದರೆ ತೆರಿಗೆ ಇಲ್ಲ. ಮಿಲ್ಲಿನವರು ಚೀಲಕ್ಕೆ ಇನ್ನೊಂದು ಕೆಜಿ ತುಂಬಿದರು. ಮುಗೀತು.

ಅರ್ಥಶಾಸ್ತ್ರದ ಪಠ್ಯಪುಸ್ತಕ ಇನ್ನೂರು ಪುಟದಲ್ಲಿ ಹೇಳುವುದರ ಅರ್ಧ ಪಾಲು ಈ ಒಂದು ಚೀಲದಲ್ಲಿದೆ. ನಿಯಮ ಬದಲಾದ ಕೂಡಲೇ ಜನ ಸುಮ್ನೆ ಕೂರುವುದಿಲ್ಲ. ಹಾಗಾಗಿ ಯಾವ ಸುದ್ದಿ ಓದಿದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಳೆ ಬೆಳಗ್ಗೆಯಿಂದ ಯಾರು ಏನನ್ನು ಬೇರೆ ಥರ ಮಾಡುತ್ತಾರೆ? 'ತಪ್ಪು ಯಾರದ್ದು' ಅನ್ನುವ ಪ್ರಶ್ನೆಯನ್ನು ಟಿವಿಯವರಿಗೆ ಬಿಡಿ.

ಇದನ್ನು ಕಲಿಯಲು ಒಂದೇ ಪದಾರ್ಥದ ಹಿಂದೆ ಬೀಳುವುದು ಒಳ್ಳೆಯದು. ನಾವು ಅಕ್ಕಿಯನ್ನೇ ಹಿಡಿಯೋಣ. 2023ರಿಂದ 2025ರವರೆಗೆ ಅಕ್ಕಿಯ ಸುತ್ತ ಜಗತ್ತಿನಲ್ಲಿ ಏನೇನೋ ಆಯಿತು. ಬರ, ರಫ್ತು ನಿಷೇಧ, ಬೆಲೆ ಕಟ್ಟುಪಾಡು, ಒಬ್ಬ ಮಂತ್ರಿಯ ರಾಜೀನಾಮೆ ಕೂಡ. ಒಂದು ನೋಟ್‌ಬುಕ್, ಪೆನ್ನು ತೆಗೆದುಕೊಳ್ಳಿ. ಒಂದು ಸುದ್ದಿಗೆ ಒಂದು ಪುಟ.

ಹೆಜ್ಜೆ 1: ಸುದ್ದಿಯನ್ನು ಒಂದು ಸಾಲಿಗೆ ಇಳಿಸಿ

ಶೀರ್ಷಿಕೆಯನ್ನು ನಂಬಬೇಡಿ. 'ಭಾರತದಿಂದ ಅಕ್ಕಿ ರಫ್ತು ಬಂದ್' ಅಂತ 2023ರ ಜುಲೈಯಲ್ಲಿ ಎಲ್ಲ ಕಡೆ ಬಂತು. ನಿಜವಾದ ಆದೇಶ ಅಷ್ಟು ದೊಡ್ಡದಲ್ಲ. ನಿಮ್ಮ ಪುಟದಲ್ಲಿ ಹೀಗೆ ಬರೆಯಿರಿ: 2023ರ ಜುಲೈ 20, ಭಾರತ ಸರ್ಕಾರ, ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧ. ಬಾಸ್ಮತಿ ಅದರಲ್ಲಿ ಇಲ್ಲ. ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯೂ ಇಲ್ಲ. ನುಚ್ಚಕ್ಕಿಯ ರಫ್ತು 2022ರ ಸೆಪ್ಟೆಂಬರಿನಲ್ಲೇ ನಿಂತಿತ್ತು.

ಯಾವಾಗ, ಯಾರು, ಯಾವ ವಸ್ತು, ಯಾವುದು ಹೊರಗುಳಿಯಿತು. ಈ ನಾಲ್ಕು ಇದ್ದರೆ ಸಾಕು. ನಾಲ್ಕನೆಯದು ಬಹಳ ಮುಖ್ಯ, ಯಾಕೆ ಅಂತ ಹೆಜ್ಜೆ 4ರಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 2: ಸಂತೆ ಎಷ್ಟು ದೊಡ್ಡದು, ಅಳೆಯಿರಿ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 52 ಕೋಟಿ ಟನ್ ಅಕ್ಕಿ ಬೆಳೆಯುತ್ತದೆ. ಬಹುಪಾಲು ಬೆಳೆದ ದೇಶದಲ್ಲೇ ಅನ್ನವಾಗಿಬಿಡುತ್ತದೆ. ಗಡಿ ದಾಟಿ ಮಾರಾಟವಾಗುವುದು ಸುಮಾರು 5.5 ಕೋಟಿ ಟನ್ ಮಾತ್ರ. ಅದರಲ್ಲಿ ಹತ್ತಿರ ಹತ್ತಿರ ಶೇ 40 ಭಾರತದ್ದು. ನಿಷೇಧ ತಟ್ಟಿದ್ದು ಸುಮಾರು 1 ಕೋಟಿ ಟನ್ನಿಗೆ.

ಈಗ ಭಾಗಾಕಾರ ಮಾಡಿ. 52 ಕೋಟಿಯಲ್ಲಿ 1 ಕೋಟಿ ಅಂದರೆ ಶೇ 2. 'ಅಯ್ಯೋ, ಅಷ್ಟೇನಾ' ಅನಿಸುತ್ತದೆ ಅಲ್ವಾ? 5.5 ಕೋಟಿಯಲ್ಲಿ 1 ಕೋಟಿ ಅಂದರೆ ಶೇ 18. ಸಂತೆಗೆ ಬರುತ್ತಿದ್ದ ಪ್ರತಿ ಐದಾರು ಗಾಡಿಯಲ್ಲಿ ಒಂದು ಗಾಡಿ ಬರಲೇ ಇಲ್ಲ ಅಂದಹಾಗೆ. ಸಂಖ್ಯೆ ಅದೇ, ಯಾವುದರಿಂದ ಭಾಗಿಸುತ್ತೀರಿ ಅನ್ನುವುದರ ಮೇಲೆ ಸುದ್ದಿಯ ತೂಕವೇ ಬದಲಾಗುತ್ತದೆ. ಅಕ್ಕಿ ಕೊಂಡು ತಿನ್ನುವ ಆಫ್ರಿಕಾದ ಬೆನಿನ್‌ಗೋ ಫಿಲಿಪ್ಪೀನ್ಸ್‌ಗೋ ಲೆಕ್ಕಕ್ಕೆ ಬರುವುದು ಎರಡನೇ ಭಾಗಾಕಾರ. ಸಂತೆ ಸಣ್ಣದಾದಷ್ಟೂ ಒಂದು ಗಾಡಿ ತಪ್ಪಿದರೆ ಗದ್ದಲ ಜಾಸ್ತಿ. ನಿಷೇಧ ಬಂದ ಒಂದು ತಿಂಗಳೊಳಗೆ ಥಾಯ್ಲೆಂಡ್, ವಿಯೆಟ್ನಾಂ ಅಕ್ಕಿಯ ರಫ್ತು ಬೆಲೆ ಟನ್ನಿಗೆ 600 ಡಾಲರ್ ದಾಟಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷದ ಗರಿಷ್ಠಕ್ಕೆ ಹೋಯಿತು.

ಹೆಜ್ಜೆ 3: ಮಾಲು ಕಡಿಮೆ ಆಯಿತಾ, ಗಿರಾಕಿ ಜಾಸ್ತಿ ಆದರಾ?

ಬೆಲೆ ಏರಿತು ಅಂದರೆ ಎರಡರಲ್ಲಿ ಒಂದು, ಇಲ್ಲ ಎರಡೂ. ಬೆಲೆ ಮಾತ್ರ ನೋಡಿದರೆ ಯಾವುದು ಅಂತ ಗೊತ್ತಾಗದು. ಎಷ್ಟು ಮಾರಾಟವಾಯಿತು ಅಂತಲೂ ನೋಡಬೇಕು. ಬೆಲೆ ಮೇಲೆ, ಮಾರಾಟ ಕೆಳಗೆ ಅಂದರೆ ಮಾಲಿನ ಕೊರತೆ. ಬೆಲೆಯೂ ಮೇಲೆ, ಮಾರಾಟವೂ ಮೇಲೆ ಅಂದರೆ ಗಿರಾಕಿಗಳ ನೂಕುನುಗ್ಗಲು. ಪುಟದಲ್ಲಿ ಎರಡು ಬಾಣದ ಗುರುತು ಹಾಕಿಕೊಳ್ಳಿ.

ಮಾಲಿನ ಕಡೆ ಭಯಕ್ಕೆ ಕಾರಣ ಇತ್ತು. 2023ರ ಜೂನ್‌ನಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗುವುದು, ಆಗ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ) ಶುರುವಾಗಿದೆ ಅಂತ ಅಮೆರಿಕದ ಹವಾಮಾನ ಸಂಸ್ಥೆ ಘೋಷಿಸಿತ್ತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಪಟ್ಟಿಗೆ ಸೇರಿದವು.

ಗಿರಾಕಿಯ ಕಡೆಯ ಕಥೆ ನನಗೆ ಫೋನಿನಲ್ಲೇ ಬಂತು. ನಿಷೇಧದ ಮಾರನೇ ವಾರ ನ್ಯೂಜೆರ್ಸಿಯಿಂದ ತಂಗಿ ಫೋನ್ ಮಾಡಿದಳು. "ಅಣ್ಣಾ, ಇಲ್ಲಿ ಇಂಡಿಯನ್ ಅಂಗಡೀಲಿ ಸೋನಾ ಮಸೂರಿಗೆ ಕ್ಯೂ ನಿಂತಿದಾರೆ. ಒಂದು ಮನೆಗೆ ಒಂದೇ ಚೀಲ ಅಂತ ಬೋರ್ಡ್ ಹಾಕಿದಾರೆ. ನಾನು, ಇವರು ಬೇರೆ ಬೇರೆ ಹೋಗಿ, ಎರಡು ಅಂಗಡಿ ಸುತ್ತಿ ನಾಲ್ಕು ಚೀಲ ತಂದ್ವಿ." ಅವರ ಮನೆಯಲ್ಲಿ ಉಣ್ಣುವವರು ಇಬ್ಬರು, ಅದರಲ್ಲೊಬ್ಬರು ರಾತ್ರಿ ಚಪಾತಿ. ಅಮೆರಿಕ, ಕೆನಡಾದ ಎಷ್ಟೋ ಊರುಗಳಲ್ಲಿ ಆ ವಾರ ಇದೇ ನಡೆಯಿತು. ಅಲ್ಲಿ ಅಕ್ಕಿ ಖಾಲಿಯಾಗಿರಲಿಲ್ಲ. ಹಡಗಿನಲ್ಲಿ, ಗೋದಾಮಿನಲ್ಲಿ ಹಳೇ ಮಾಲು ಇತ್ತು. ಮುಂದೆ ಸಿಗಲ್ಲ ಅನ್ನುವ ಅನುಮಾನವೇ ಇವತ್ತಿನ ಬೇಡಿಕೆಯನ್ನು ನಾಲ್ಕು ಪಟ್ಟು ಮಾಡಿತ್ತು. ತಂಗಿಯನ್ನು ದೂರುವುದಿಲ್ಲ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಒಬ್ಬೊಬ್ಬರೂ ಸರಿಯಾಗಿಯೇ ಲೆಕ್ಕ ಹಾಕಿದರೂ ಎಲ್ಲ ಸೇರಿದರೆ ಕಪಾಟು ಖಾಲಿ. (ಮೂರನೇ ಚೀಲಕ್ಕೆ ಹುಳ ಬಿತ್ತು, ನಾಲ್ಕನೆಯದನ್ನು ದೇವಸ್ಥಾನದ ಅನ್ನದಾನಕ್ಕೆ ಕೊಟ್ಟಳು.)

ಇನ್ನೂ ತಮಾಷೆಯ ಮಾತು ಕೇಳಿ. ಎಲ್ಲರೂ ಹೆದರಿದ ಆ ಸಾಲಿನಲ್ಲಿ, ಅಂದರೆ 2023-24ರಲ್ಲಿ, ಇಡೀ ದೇಶದ ಅಕ್ಕಿ ಉತ್ಪಾದನೆ ಸುಮಾರು 13.78 ಕೋಟಿ ಟನ್. ಅದುವರೆಗಿನ ದಾಖಲೆ! ನಮ್ಮಲ್ಲಿ ಬರ, ಬೇರೆ ರಾಜ್ಯಗಳಲ್ಲಿ ಬೆಳೆ. ಹಾಗಾಗಿ ಪುಟದಲ್ಲಿ ಎರಡು ಕಾಲಂ ಮಾಡಿ: 'ಆಗಿದ್ದು' ಮತ್ತು 'ಆಗಬಹುದು ಅಂತ ಹೆದರಿದ್ದು'. ಬೆಲೆ ಎರಡಕ್ಕೂ ಏರುತ್ತದೆ, ಆದರೆ ಎರಡನೆಯದು ಬೇಗ ಇಳಿಯುತ್ತದೆ.

ಹೆಜ್ಜೆ 4: ಪ್ರತಿಯೊಬ್ಬರ ಕುರ್ಚಿಯಲ್ಲೂ ಒಂದು ನಿಮಿಷ ಕೂರಿ

ಇದು ಅತಿ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಬೇಡ. ಸುದ್ದಿಗೆ ಸಂಬಂಧಪಟ್ಟ ಎಲ್ಲರ ಪಟ್ಟಿ ಮಾಡಿ. ಒಬ್ಬೊಬ್ಬರ ಹೆಸರಿನ ಮುಂದೆ 'ನಾಳೆ ಏನು ಮಾಡುತ್ತಾರೆ' ಅಂತ ಬರೆಯಿರಿ.

ಸರ್ಕಾರದ ಕುರ್ಚಿ: ಮುಂದಿನ ವರ್ಷ ಲೋಕಸಭಾ ಚುನಾವಣೆ. ಊಟದ ಬೆಲೆ ಏರಬಾರದು. ಅಕ್ಕಿ ಹೊರಗೆ ಹೋಗದಿದ್ದರೆ ಒಳಗೆ ಮಾಲು ಜಾಸ್ತಿ, ಬೆಲೆ ಹಿಡಿತದಲ್ಲಿ. ಅವರ ಲೆಕ್ಕ ಅವರಿಗೆ ಸರಿ.

ರೈತನ ಕುರ್ಚಿ: ಹೊರಗಿನ ಗಿರಾಕಿ 600 ಡಾಲರ್ ಕೊಡಲು ತಯಾರಿದ್ದಾನೆ. ಆದರೆ ಬಾಗಿಲು ಮುಚ್ಚಿದೆ. ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,183 ರೂಪಾಯಿ. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ಇರುವ ಅಂತರವನ್ನು ರೈತ ಕೊಂಡು ತಿನ್ನುವವರಿಗೆ ಬಿಟ್ಟುಕೊಟ್ಟ ಹಾಗೆ. ರಸೀದಿ ಇಲ್ಲದ ತೆರಿಗೆ ಅಂತ ಕರೆದರೆ ತಪ್ಪಿಲ್ಲ. ನಗರದಲ್ಲಿ ಕೂತು ಅಕ್ಕಿ ಕೊಳ್ಳುವ ನನ್ನಂಥವರಿಗೆ ಇದು ಕಾಣುವುದೇ ಇಲ್ಲ.

ವಿದೇಶಿ ಗಿರಾಕಿಯ ಕುರ್ಚಿ: ಬಿಳಿ ಅಕ್ಕಿ ಸಿಗದಿದ್ದರೆ ಕುಚ್ಚಲಕ್ಕಿ ಕೊಡಿ ಅನ್ನುತ್ತಾನೆ. ಅದಕ್ಕೆ ತಡೆ ಇರಲಿಲ್ಲವಲ್ಲ. ಅದರ ಬೇಡಿಕೆ ಏರಿತು, ಬೆಲೆಯೂ ಏರಿತು. ಆಗಸ್ಟ್ 25ಕ್ಕೆ ಸರ್ಕಾರ ಕುಚ್ಚಲಕ್ಕಿಯ ರಫ್ತಿನ ಮೇಲೆ ಶೇ 20 ಸುಂಕ ಹಾಕಿತು. ನಿಷೇಧ ಬಂದು ಐದು ವಾರ ಆಗಿತ್ತು ಅಷ್ಟೇ.

ರಫ್ತುದಾರನ ಕುರ್ಚಿ: ಬಾಸ್ಮತಿಗೆ ಬಾಗಿಲು ತೆಗೆದಿದೆ. ಹಾಗಾದರೆ ಕೆಲವರು ಬಿಳಿ ಅಕ್ಕಿಯನ್ನೇ ಬಾಸ್ಮತಿ ಅಂತ ಕಾಗದದಲ್ಲಿ ತೋರಿಸಿದರೆ? ಹೀಗೆ ನಡೆಯುತ್ತಿದೆ ಅಂತ ಸರ್ಕಾರವೇ ಹೇಳಿ, ಅದೇ ಆಗಸ್ಟ್‌ನಲ್ಲಿ ಟನ್ನಿಗೆ 1,200 ಡಾಲರ್‌ಗಿಂತ ಕಡಿಮೆ ಬೆಲೆಯ ಬಾಸ್ಮತಿ ಒಪ್ಪಂದಗಳನ್ನು ತಡೆಯಿತು. ನಿಜವಾದ ಬಾಸ್ಮತಿ ಮಾರುವವರು ಗಲಾಟೆ ಮಾಡಿದ ಮೇಲೆ ಅಕ್ಟೋಬರಿನಲ್ಲಿ ಅದು 950ಕ್ಕೆ ಇಳಿಯಿತು.

ನೋಡಿ, 26 ಕೆಜಿ ಚೀಲದ ಕಥೆಯೇ ಇದು. ಒಂದು ಗೆರೆ ಎಳೆದರೆ ಜನ ಗೆರೆಯ ಆಚೆ ಬದಿಗೆ ಹೆಜ್ಜೆ ಇಡುತ್ತಾರೆ. ಆಗ ಇನ್ನೊಂದು ಗೆರೆ. ಹೆಜ್ಜೆ 1ರಲ್ಲಿ 'ಯಾವುದು ಹೊರಗುಳಿಯಿತು' ಅಂತ ಬರೆದಿದ್ದೀರಲ್ಲ, ಮುಂದಿನ ಸುದ್ದಿ ಅಲ್ಲಿಂದಲೇ ಹುಟ್ಟುತ್ತದೆ.

ಹೆಜ್ಜೆ 5: ಪರಿಹಾರ ಬೆಲೆಯನ್ನು ಮುಟ್ಟುತ್ತದಾ, ಜೇಬನ್ನು ಮುಟ್ಟುತ್ತದಾ?

ಬೆಲೆ ಏರಿದಾಗ ಸರ್ಕಾರಗಳು ಎರಡು ದಾರಿ ಹಿಡಿಯುತ್ತವೆ. ಒಂದು, ಬೆಲೆಗೇ ಕಡಿವಾಣ. ಇನ್ನೊಂದು, ಬೆಲೆ ಬಿಟ್ಟು ಜನರ ಕೈಗೆ ಸಹಾಯ.

ಫಿಲಿಪ್ಪೀನ್ಸ್ ಮೊದಲನೆಯದನ್ನು ಮಾಡಿತು. 2023ರ ಸೆಪ್ಟೆಂಬರ್ 5ರಿಂದ ಸಾಧಾರಣ ಅಕ್ಕಿ ಕೆಜಿಗೆ 41 ಪೆಸೊ, ಚೆನ್ನಾಗಿ ಪಾಲಿಶ್ ಆದದ್ದು 45 ಪೆಸೊ, ಅದಕ್ಕಿಂತ ಮೇಲೆ ಮಾರುವಂತಿಲ್ಲ. ಅಂಗಡಿಯವನ ಕುರ್ಚಿಯಲ್ಲಿ ಕೂರಿ. ಹೆಚ್ಚು ಬೆಲೆಗೆ ತಂದಿಟ್ಟ ಚೀಲಗಳು ಒಳಗಿವೆ. ಮಾರಿದರೆ ನಷ್ಟ, ಮಾರದಿದ್ದರೆ ವ್ಯಾಪಾರವಿಲ್ಲ. ಸರ್ಕಾರಕ್ಕೂ ಇದು ಗೊತ್ತಾಗಿ ಸಣ್ಣ ಅಂಗಡಿಗಳಿಗೆ ತಲಾ 15,000 ಪೆಸೊ ಕೊಡಬೇಕಾಯಿತು. ಹೊಸ ಬೆಳೆ ಬರುತ್ತಿದ್ದ ಹಾಗೆ, ಅಕ್ಟೋಬರ್ 4ಕ್ಕೆ ಕಡಿವಾಣ ತೆಗೆದರು. ಒಂದು ತಿಂಗಳು, ಅಷ್ಟೇ.

ಎರಡನೆಯದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. 2023ರ ಅದೇ ಜುಲೈಯಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ತಲಾ 5 ಕೆಜಿ ಹೆಚ್ಚುವರಿ ಅಕ್ಕಿ ಕೊಡಬೇಕಿತ್ತು. ಕೇಂದ್ರ ತನ್ನ ದಾಸ್ತಾನಿನ ಅಕ್ಕಿಯನ್ನು ಮುಕ್ತ ಮಾರಾಟ ಯೋಜನೆಯಲ್ಲಿ ರಾಜ್ಯಗಳಿಗೆ ಮಾರುವುದನ್ನು ಜೂನ್‌ನಲ್ಲೇ ನಿಲ್ಲಿಸಿತ್ತು. ಕೊನೆಗೆ ಕೆಜಿಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಬಂತು. ರಾಜಕೀಯದ ಜಗಳ ಪಕ್ಕಕ್ಕಿಡಿ, ಲೆಕ್ಕ ನೋಡಿ. ಕೈಗೆ ಅಕ್ಕಿ ಕೊಟ್ಟರೆ, ಬೆಲೆ ಏರಿದಾಗ ಹೊರೆ ಸರ್ಕಾರದ್ದು. ಕೈಗೆ 170 ರೂಪಾಯಿ ಕೊಟ್ಟರೆ, ಬೆಲೆ ಏರಿದಾಗ ಹೊರೆ ಮನೆಯವರದ್ದು. ಅಂಗಡಿಯಲ್ಲಿ ಸೋನಾ ಮಸೂರಿ 34ಕ್ಕೆ ಸಿಗುವ ಮಾತೇ ಇರಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಬದಿಯೂ ಇದೆ: ಮನೆಯಲ್ಲಿ ರಾಗಿ, ಜೋಳ ಉಣ್ಣುವವರಿಗೆ ದುಡ್ಡೇ ಅನುಕೂಲ, ಅಕ್ಕಿಯನ್ನು ಮಾರಿಕೊಳ್ಳುವ ತಾಪತ್ರಯ ಇಲ್ಲ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ನನ್ನ ಮಟ್ಟಿಗೆ, ಬೆಲೆ ಏರುತ್ತಿರುವ ಕಾಲದಲ್ಲಿ ಧಾನ್ಯ, ಬೆಲೆ ನಿಂತ ಕಾಲದಲ್ಲಿ ದುಡ್ಡು ಸರಿ. ನೀವು ಒಪ್ಪದಿರಬಹುದು. ಹೊರೆ ಯಾರ ಹೆಗಲಿಗೆ ಬೀಳುತ್ತದೆ ಅಂತ ಬರೆದುಕೊಂಡು ಆಮೇಲೆ ವಾದಕ್ಕೆ ಬನ್ನಿ.

ಹೆಜ್ಜೆ 6: ಬೇಲಿ ಎಷ್ಟು ಎತ್ತರ?

ಈಗ ಜಪಾನಿಗೆ ಹೋಗೋಣ. 2025ರ ವಸಂತದಲ್ಲಿ ಅಲ್ಲಿನ ಅಂಗಡಿಗಳಲ್ಲಿ 5 ಕೆಜಿ ಅಕ್ಕಿಗೆ 4,200 ಯೆನ್ ದಾಟಿತ್ತು. ಹಿಂದಿನ ವರ್ಷದ ಎರಡು ಪಟ್ಟು. ಕೃಷಿ ಮಂತ್ರಿ ತಾಕು ಎಟೊ ಅವರು, ನಾನಂತೂ ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರೇ ತಂದುಕೊಡುತ್ತಾರೆ ಅನ್ನುವ ಅರ್ಥದ ಮಾತಾಡಿ ಮೇ 21ಕ್ಕೆ ರಾಜೀನಾಮೆ ಕೊಟ್ಟರು. ಕ್ಯೂನಲ್ಲಿ ನಿಂತವರ ಮುಂದೆ ಆಡುವ ಮಾತಾ ಅದು!

ವಿಚಿತ್ರ ಏನೆಂದರೆ, ಅದೇ ಹೊತ್ತಿಗೆ ಜಗತ್ತಿನ ಸಂತೆಯಲ್ಲಿ ಅಕ್ಕಿ ಬೆಲೆ ಬಿದ್ದುಹೋಗಿತ್ತು. ವಿಯೆಟ್ನಾಂ ಅಕ್ಕಿ 2025ರ ಆರಂಭದಲ್ಲಿ ಟನ್ನಿಗೆ 400 ಡಾಲರ್‌ಗಿಂತ ಕೆಳಗಿತ್ತು. ಹಾಗಾದರೆ ಜಪಾನಿನಲ್ಲಿ ಯಾಕೆ ದುಬಾರಿ?

ಬೇಲಿ. ಜಪಾನ್ ವರ್ಷಕ್ಕೆ ಸುಮಾರು 7.7 ಲಕ್ಷ ಟನ್ ಅಕ್ಕಿಯನ್ನು ಸುಂಕವಿಲ್ಲದೆ ತರಿಸಿಕೊಳ್ಳುತ್ತದೆ. ಅದರಾಚೆ ತಂದರೆ ಕೆಜಿಗೆ 341 ಯೆನ್ ಸುಂಕ. 5 ಕೆಜಿಗೆ ಎಷ್ಟಾಯಿತು? 1,705 ಯೆನ್. ಒಳಗೆ 5 ಕೆಜಿ ಅಕ್ಕಿ 2,000 ಯೆನ್ ಆಸುಪಾಸಿನಲ್ಲಿದ್ದಾಗ ಈ ಸುಂಕ ಕಟ್ಟಿ ತಂದರೆ ಗಿಟ್ಟುವುದಿಲ್ಲ. ಒಳಗಿನ ಬೆಲೆ 4,200ಕ್ಕೆ ಹೋದಾಗ ಗಿಟ್ಟುತ್ತದೆ. ನಡೆದದ್ದೂ ಅದೇ. 2025ರಲ್ಲಿ ಖಾಸಗಿ ಕಂಪನಿಗಳು ಪೂರ್ತಿ ಸುಂಕ ಕಟ್ಟಿಯೇ ಕ್ಯಾಲಿಫೋರ್ನಿಯಾ ಅಕ್ಕಿ ತರಿಸಿದವು. ಬೇಲಿ ಅಂದರೆ ಗೋಡೆಯಲ್ಲ. ಅದಕ್ಕೊಂದು ಎತ್ತರ ಇದೆ, ನೀರು ಅಷ್ಟಕ್ಕೆ ಏರಿದರೆ ದಾಟುತ್ತದೆ. ಯಾವುದೇ ದೇಶದ ಸುಂಕದ ಸುದ್ದಿ ಬಂದರೆ ಶೇಕಡಾವಾರು ಸಂಖ್ಯೆ ನೋಡಿ ಗಾಬರಿಯಾಗದೆ, ಕೆಜಿಗೆ ಎಷ್ಟು, ಒಳಗೂ ಹೊರಗೂ ಬೆಲೆಯ ಅಂತರ ಎಷ್ಟು ಅಂತ ಎರಡು ಸಂಖ್ಯೆ ಬರೆಯಿರಿ. ಯಾವುದು ದೊಡ್ಡದು ನೋಡಿ.

ಒಂದು ಮಾತು ಬಿಟ್ಟೆ. 2024ರ ಆಗಸ್ಟ್‌ನಲ್ಲಿ ಜಪಾನ್ ಸರ್ಕಾರ ದೊಡ್ಡ ಭೂಕಂಪದ ಮುನ್ನೆಚ್ಚರಿಕೆ ಕೊಟ್ಟಿತ್ತು. ಜನ ಅಕ್ಕಿ ಚೀಲ ಹೊತ್ತುಕೊಂಡು ಹೋದರು. ನ್ಯೂಜೆರ್ಸಿಯ ತಂಗಿಗೆ ಜಪಾನಿನಲ್ಲೂ ನೆಂಟರಿದ್ದಾರೆ!

ಹೆಜ್ಜೆ 7: ಬೆಲೆಯಲ್ಲಿ ಸೇರದ ಖರ್ಚನ್ನು ಹುಡುಕಿ

ಅಕ್ಕಿ ರಫ್ತು ಅಂದರೆ ನೀರಿನ ರಫ್ತು. ಒಂದು ಕೆಜಿ ಅಕ್ಕಿಗೆ ಸಾವಿರಾರು ಲೀಟರ್ ನೀರು ಬೇಕು. ಪಂಜಾಬಿನಲ್ಲಿ ರೈತರ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಭತ್ತಕ್ಕೆ ಖರೀದಿ ಖಾತ್ರಿ. ರೈತನ ಕುರ್ಚಿಯಲ್ಲಿ ಕೂತರೆ ಭತ್ತ ಬಿಟ್ಟು ಬೇರೆ ಬೆಳೆಯುವುದು ದಡ್ಡತನ. ಅಂತರ್ಜಲ ಕೆಳಗಿಳಿಯುತ್ತಲೇ ಇದೆ, ಅದರ ಬಿಲ್ಲು ಯಾವ ರಫ್ತು ಬೆಲೆಯಲ್ಲೂ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಹೋಗಿ. ಬರದ ಸೀಮೆಯ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಅಂತ ಯೋಜಿಸಿದ ನೀರು ಅದು. ಗಂಗಾವತಿ, ಕಾರಟಗಿ ಕಡೆ ಕಾಲುವೆ ಪಕ್ಕದ ಗದ್ದೆಗಳು ಕಣ್ಣು ಹಾಯಿಸಿದಷ್ಟು ದೂರ ಹಸಿರು. ಎಲ್ಲ ಭತ್ತ. ನಿಮ್ಮ ತಟ್ಟೆಯ ಸೋನಾ ಮಸೂರಿಯ ಊರು ಅದು. ಹಾಗೇ ಕೆಳಗೆ ಮಾನ್ವಿ, ಸಿರವಾರದ ಕಡೆ ಬಂದರೆ 'ಕೊನೆಭಾಗಕ್ಕೆ ನೀರು ಬಿಡಿ' ಅಂತ ರೈತರ ಧರಣಿ. ಪ್ರತಿ ವರ್ಷದ ಮಾತು ಇದು. ಮೇಲಿನವನು ಒಂದು ಎಕರೆ ಭತ್ತಕ್ಕೆ ಹಾಯಿಸುವ ನೀರು ಕೆಳಗಿನವನ ಎರಡು ಮೂರು ಎಕರೆ ಜೋಳವನ್ನು ಉಳಿಸುತ್ತಿತ್ತು. ಭತ್ತದ ನಿಜವಾದ ಖರ್ಚಿನಲ್ಲಿ ಬೀಜ, ಗೊಬ್ಬರ, ಕೂಲಿಯ ಜೊತೆ, ಒಣಗಿದ ಆ ಜೋಳವೂ ಸೇರಬೇಕು. ಅದನ್ನು ಕಟ್ಟುವವನು ಬೇರೆ ಊರಿನವನು, ಅಷ್ಟೇ.

ಹವಾಮಾನ ಬದಲಾವಣೆ, ಸಮುದ್ರದ ಮೀನು, ದೆಹಲಿಯ ಹೊಗೆ, ಎಲ್ಲದರಲ್ಲೂ ಹುಡುಕಬೇಕಾದದ್ದು ಇದನ್ನೇ: ಕೊನೆಭಾಗದಲ್ಲಿ ಯಾರಿದ್ದಾರೆ?

ಹೆಜ್ಜೆ 8: ತಾರೀಕು ಹಾಕಿ, ವರ್ಷ ಬಿಟ್ಟು ಬನ್ನಿ

ಹೆಚ್ಚಿನವರು ಬಿಡುವ ಹೆಜ್ಜೆ ಇದು. 2024ರ ಸೆಪ್ಟೆಂಬರ್ 28ಕ್ಕೆ ಭಾರತ ಬಿಳಿ ಅಕ್ಕಿಯ ನಿಷೇಧ ತೆಗೆಯಿತು. ಕುಚ್ಚಲಕ್ಕಿಯ ಸುಂಕವೂ ಮುಂದಿನ ತಿಂಗಳಿಗೆ ಸೊನ್ನೆಗೆ ಬಂತು. 2024-25ರಲ್ಲಿ ರಫ್ತು 2 ಕೋಟಿ ಟನ್ ಮುಟ್ಟಿತು. ಮಧ್ಯದಲ್ಲಿ ಒಳ್ಳೆ ಬೆಲೆ ಕಂಡಿದ್ದ ಬೇರೆ ದೇಶಗಳ ರೈತರೂ ಬೆಳೆದಿದ್ದರು. ಎಲ್ಲ ಒಟ್ಟಿಗೆ ಸಂತೆಗೆ ಬಂದು ಬೆಲೆ ಬಿತ್ತು. 2023ರಲ್ಲಿ ಅಕ್ಕಿ ದುಬಾರಿ ಅಂತ ಕಡಿವಾಣ ಹಾಕಿದ್ದ ಫಿಲಿಪ್ಪೀನ್ಸ್, 2025ರ ಸೆಪ್ಟೆಂಬರ್ 1ರಿಂದ ನಮ್ಮ ರೈತರಿಗೆ ಬೆಲೆ ಸಿಗುತ್ತಿಲ್ಲ ಅಂತ ಅಕ್ಕಿ ಆಮದನ್ನೇ ನಿಲ್ಲಿಸಿತು. ಎರಡು ವರ್ಷದಲ್ಲಿ ಪೂರಾ ಉಲ್ಟಾ.

ಎಷ್ಟು ಬೇಗ ಉಲ್ಟಾ ಆಗುತ್ತದೆ ಅನ್ನುವುದು ಬೆಳೆಯ ಮೇಲೆ ನಿಂತಿದೆ. ಭತ್ತ ನಾಲ್ಕೈದು ತಿಂಗಳ ಬೆಳೆ. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಅದಕ್ಕೇ ಬ್ರೆಜಿಲ್‌ನ ಬರದಿಂದ ಏರಿದ ಕಾಫಿ ಬೆಲೆ ಬೇಗ ಇಳಿಯಲಿಲ್ಲ. ಆ ಹೊತ್ತಿಗೆ ಫಸಲು ಕೈಯಲ್ಲಿದ್ದ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಒಳ್ಳೆ ದುಡ್ಡು ನೋಡಿದರು.

ಈಗ ನೀವು ಮಾಡಿ

ಅಭ್ಯಾಸಕ್ಕೆ ಒಂದು ಹಳೇ ಸುದ್ದಿ ಕೊಡುತ್ತೇನೆ, ಉತ್ತರವನ್ನು ಹೋಲಿಸಿ ನೋಡಬಹುದು. 2022ರಲ್ಲಿ ಯುದ್ಧದಿಂದಾಗಿ ಉಕ್ರೇನಿನ ಸೂರ್ಯಕಾಂತಿ ಎಣ್ಣೆ ಬರುವುದು ನಿಂತಿತು. ಏಪ್ರಿಲ್ 28ಕ್ಕೆ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಒಳಗಿನ ಎಣ್ಣೆ ಬೆಲೆ ಇಳಿಸುವುದು ಉದ್ದೇಶ. ಜಗತ್ತಿನ ತಾಳೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆ ದೇಶದ್ದೇ. ಮುಂದಕ್ಕೆ ಓದುವ ಮೊದಲು ಪುಟದಲ್ಲಿ ನಾಲ್ಕು ಕುರ್ಚಿ ಬರೆಯಿರಿ: ಇಂಡೊನೇಷ್ಯಾದ ತಾಳೆ ರೈತ, ಅಲ್ಲಿನ ಎಣ್ಣೆ ಮಿಲ್ಲು, ಮಲೇಷ್ಯಾದ ಮಾರಾಟಗಾರ, ಬೆಂಗಳೂರಿನ ಚಿಪ್ಸ್ ಅಂಗಡಿಯವನು.

ಬರೆದಿರಾ? ನಡೆದದ್ದು ಇದು. ಹೊರಗೆ ಕಳಿಸುವ ಹಾಗಿಲ್ಲದ ಎಣ್ಣೆಯಿಂದ ಮಿಲ್ಲುಗಳ ಟ್ಯಾಂಕು ತುಂಬಿತು. ಟ್ಯಾಂಕು ತುಂಬಿದ ಮೇಲೆ ಮಿಲ್ಲಿನವರು ತಾಳೆ ಹಣ್ಣು ಕೊಳ್ಳುವುದನ್ನು ಕಡಿಮೆ ಮಾಡಿದರು. ಕಿತ್ತ ಹಣ್ಣು ಒಂದೆರಡು ದಿನದಲ್ಲಿ ಕೆಡುತ್ತದೆ, ಇಟ್ಟುಕೊಳ್ಳುವ ಹಾಗಿಲ್ಲ. ಹಣ್ಣಿನ ಬೆಲೆ ಕುಸಿದು, ಮೇ ತಿಂಗಳ ಮಧ್ಯದಲ್ಲಿ ರೈತರು ಜಕಾರ್ತದಲ್ಲಿ ಬೀದಿಗಿಳಿದರು. ಮೇ 23ಕ್ಕೆ ನಿಷೇಧ ತೆಗೆದರು. ನಾಲ್ಕು ವಾರವೂ ತುಂಬಿರಲಿಲ್ಲ. ಮಲೇಷ್ಯಾದವನದ್ದೂ ಚಿಪ್ಸ್ ಅಂಗಡಿಯವನದ್ದೂ ನಿಮ್ಮ ಊಹೆಗೆ ಬಿಟ್ಟಿದ್ದೇನೆ. ಚಿಪ್ಸ್ ಅಂಗಡಿಯ ಬಗ್ಗೆ ಒಂದು ಸುಳಿವು: ಆ ತಿಂಗಳು ಹತ್ತು ರೂಪಾಯಿಯ ಪೊಟ್ಟಣದ ಬೆಲೆ ಏರಲೇಬೇಕಾಗಿರಲಿಲ್ಲ. ಒಳಗಿನ ಚಿಪ್ಸ್ ಎಣಿಸಬೇಕಿತ್ತು.